ಕಮಲಾದೇವಿ ಕೇಳಿದ ಕೂಲಿಯ ಲೆಕ್ಕ

ಕಮಲಾದೇವಿ ಚಟ್ಟೋಪಾಧ್ಯಾಯ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಕೈಮಗ್ಗದ ಸೀರೆ, ಕರಕುಶಲ ವಸ್ತುಗಳು. ಆದರೆ ಮಂಗಳೂರಿನ ಈ ಹೆಣ್ಣುಮಗಳ ರಾಜಕೀಯದ ಬೇರು ಇದ್ದದ್ದು ಹೆಂಗಸರ ದುಡಿಮೆಯ ಲೆಕ್ಕದಲ್ಲಿ.

ಹುಟ್ಟಿದ್ದು 1903ರ ಏಪ್ರಿಲ್ 3ರಂದು. ಏಳನೇ ವಯಸ್ಸಿಗೆ ತಂದೆ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಅವರು ಅದನ್ನೂ ಬೇಡ ಅಂದರು. ಕಮಲಾದೇವಿಗೆ ಹದಿನಾಲ್ಕಕ್ಕೆ ಮದುವೆ, ಎರಡೇ ವರ್ಷದಲ್ಲಿ ವೈಧವ್ಯ. ಮದರಾಸಿನಲ್ಲಿ ಓದುವಾಗ ಹರೀಂದ್ರನಾಥರನ್ನು ಮೆಚ್ಚಿ ಮರುಮದುವೆಯಾದರು. ಮುಂದೆ ವಿಚ್ಛೇದನವನ್ನೂ ಪಡೆದರು.

1926ರಲ್ಲಿ ಮದರಾಸು ಶಾಸನಸಭೆಗೆ ನಿಂತು ಕೆಲವೇ ಮತಗಳಲ್ಲಿ ಸೋತರು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನಾ ಕಾರ್ಯದರ್ಶಿಯಾದರು. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿ ಅಂತ ಗಾಂಧೀಜಿ ಹತ್ತಿರವೇ ವಾದಿಸಿದರು, ಜೈಲಿಗೂ ಹೋದರು. 1936ರಲ್ಲಿ ಮೀರತ್‌ನಲ್ಲಿ ನಡೆದ ಕಾಂಗ್ರೆಸ್ ಸೋಷಿಯಲಿಸ್ಟ್ ಪಕ್ಷದ ಸಮ್ಮೇಳನಕ್ಕೆ ಅಧ್ಯಕ್ಷೆಯಾದರು.

ಮತದಾನದ ಹಕ್ಕು ಸಿಕ್ಕರೆ ಸಾಕು ಅಂತ ಅವರು ನಂಬಲಿಲ್ಲ. ಸಮಾನ ಕೂಲಿ, ಹೆರಿಗೆ ರಜೆ ಬೇಕು, ಮನೆಗೆಲಸವನ್ನೂ ದುಡಿಮೆ ಅಂತ ಎಣಿಸಬೇಕು ಅನ್ನೋದು ಅವರ ನಿಲುವು. ಸ್ವಾತಂತ್ರ್ಯದ ನಂತರ ಫರೀದಾಬಾದಿನಲ್ಲಿ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ದುಡಿದರು, ಸಹಕಾರ ಸಂಘಗಳನ್ನು ಕಟ್ಟಿದರು. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದರು. ಕುಶಲಕರ್ಮಿಗಳ ದುಡಿಮೆಯ ಫಲ ದಲ್ಲಾಳಿಗೆ ಹೋಗದೆ ಅವರ ಕೈಗೇ ಸೇರಬೇಕು ಅನ್ನೋದು ಅಲ್ಲಿಯೂ ಅವರ ಕಾಳಜಿ. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ಅಷ್ಟರಲ್ಲಿ ಕಾನೂನು ಬಂದಿತ್ತು. ಸಂವಿಧಾನದ 39ನೇ ವಿಧಿ ಸಮಾನ ಕೆಲಸಕ್ಕೆ ಸಮಾನ ವೇತನದ ಗುರಿ ಹಾಕಿಕೊಟ್ಟಿತು. 1976ರ ಸಮಾನ ವೇತನ ಕಾಯ್ದೆ ಅದನ್ನು ಮಾಲೀಕರ ಹೊಣೆ ಮಾಡಿತು. 2019ರ ವೇತನ ಸಂಹಿತೆಯಲ್ಲೂ ಅದೇ ತತ್ವವಿದೆ. ಕೆಲಸ ತದ್ರೂಪ ಆಗಿರಲೇಬೇಕು ಅಂತಿಲ್ಲ. ಬೇಕಾದ ಕೌಶಲ, ಶ್ರಮ, ಅನುಭವ, ಹೊಣೆ ಸಮನಾಗಿದ್ದರೆ ಸಾಕು. ಹೆಂಗಸಿಗೆ ಸಮ ಮಾಡ್ತೇನೆ ಅಂತ ಗಂಡಸಿನ ಸಂಬಳ ಕಡಿತ ಮಾಡುವ ಹಾಗೂ ಇಲ್ಲ.

ಈಗ ನರಿಮೊಗರಿನ ಸುತ್ತಮುತ್ತಲಿನ ತೋಟಗಳ ಕಡೆ ನೋಡಿ. ಗಂಡಾಳಿಗೆ ಒಂದು ಸಂಬಳ, ಹೆಣ್ಣಾಳಿಗೆ ಇನ್ನೊಂದು ಅನ್ನೋ ಮಾತು ನಮ್ಮ ಕಡೆ ಯಾರಿಗೂ ಹೊಸದಲ್ಲ. ಮರ ಹತ್ತಿ ಅಡಿಕೆ ಕೊಯ್ಯೋದು ಬೇರೆ ಕೆಲಸ, ಒಪ್ಪೋಣ. ಆದರೆ ಇಬ್ಬರೂ ಗೊಬ್ಬರ ಹೊತ್ತ ದಿನವೂ ಕೂಲಿ ಬೇರೆ ಯಾಕೆ? ಆ ವ್ಯತ್ಯಾಸಕ್ಕೆ ಕೆಲಸ ಕಾರಣವಲ್ಲ, ರೂಢಿ ಕಾರಣ.

ಆಫೀಸಿನಲ್ಲೂ ಇದೇ ಅಳತೆ ಹಿಡಿಯಬಹುದು. ಹುದ್ದೆಯ ಹೆಸರು ಬಿಡಿ. ಯಾರು ಏನು ಮಾಡ್ತಾರೆ, ಎಷ್ಟು ಸಿಗುತ್ತೆ ಅಂತ ಸಹೋದ್ಯೋಗಿಗಳ ಜತೆ ಕೂತು ಬರೆದಿಡಿ, ವ್ಯತ್ಯಾಸಕ್ಕೆ ಕಾರಣವನ್ನು ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಯಿದೆ. ಒಬ್ಬಳೇ ಕೇಳಿದರೆ ಕೆಲಸ ಹೋಗುವ ಭಯ ಇದ್ದೇ ಇರುತ್ತೆ. ಕಮಲಾದೇವಿ ಹೋದಲ್ಲೆಲ್ಲ ಸಂಘ ಕಟ್ಟಿದ್ದಕ್ಕೆ ಇದೂ ಒಂದು ಕಾರಣ ಇದ್ದೀತು.