ಕಿಡಿಯನ್ನು ಪಳಗಿಸಿದ ರಾಬರ್ಟ್ ಬಾಷ್

ಪೆಟ್ರೋಲ್ ಎಂಜಿನ್ನಿನ ಪ್ರಾಣವಿರುವುದು ಕಿಡಿಯಲ್ಲಿ. ಇಂಧನವೂ ಗಾಳಿಯೂ ಎಷ್ಟೇ ಹದವಾಗಿ ಬೆರೆತಿದ್ದರೂ ತಕ್ಕ ಕ್ಷಣದಲ್ಲಿ ಕಿಡಿ ಹಾರದಿದ್ದರೆ ಅದರ ಬಲವೆಲ್ಲ ವ್ಯರ್ಥ. ಆ ಕಿಡಿಯನ್ನು ಮೋಟಾರು ವಾಹನಕ್ಕೆ ನೆಚ್ಚಿನ ಒಡನಾಡಿಯನ್ನಾಗಿಸಿದ ಮಹನೀಯರು ಜರ್ಮನಿಯ ರಾಬರ್ಟ್ ಬಾಷ್.

ಉಲ್ಮ್ ನಗರದ ಸಮೀಪದ ಆಲ್ಬೆಕ್ ಗ್ರಾಮದಲ್ಲಿ 1861ರ ಸೆಪ್ಟೆಂಬರ್ 23ರಂದು ಜನಿಸಿದ ಬಾಷ್ ಅವರು ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ಸೂಕ್ಷ್ಮಯಂತ್ರಗಳ ಕೆಲಸವನ್ನು ಕಲಿತು, ಅಮೆರಿಕದಲ್ಲಿ ಎಡಿಸನ್ನರ ಕಾರ್ಖಾನೆಯಲ್ಲಿ ದುಡಿದು, ಇಂಗ್ಲೆಂಡಿನಲ್ಲಿಯೂ ಅನುಭವ ಗಳಿಸಿ, 1886ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಪುಟ್ಟ ಕಾರ್ಯಾಗಾರವೊಂದನ್ನು ತೆರೆದರು. ಮರುವರ್ಷ ಗಿರಾಕಿಯೊಬ್ಬರ ಕೋರಿಕೆಯಂತೆ, ಒಂದೆಡೆ ನಿಂತು ನಡೆಯುವ ಎಂಜಿನ್ನಿಗೆ ಮ್ಯಾಗ್ನೆಟೊವನ್ನು ನಿರ್ಮಿಸಿಕೊಟ್ಟರು. ಅಯಸ್ಕಾಂತದ ನೆರವಿನಿಂದ ತಾನೇ ವಿದ್ಯುತ್ತನ್ನು ಹುಟ್ಟಿಸಿ ಕಿಡಿ ಹಾರಿಸುವ ಸಾಧನವದು. ಬ್ಯಾಟರಿಯ ಹಂಗು ಅದಕ್ಕಿಲ್ಲ. ಆದರೂ ಮೊದಲ ವರ್ಷಗಳು ಕಡುಕಷ್ಟದವು. ವ್ಯಾಪಾರ ಕುಸಿದಾಗ ಕೆಲಸಗಾರರಲ್ಲಿ ಬಹುಮಂದಿಯನ್ನು ಬಿಡಬೇಕಾಯಿತು.

ಅಂದಿನ ವಾಹನಗಳಲ್ಲಿ ಕೆಲವಕ್ಕೆ ಕೆಂಪಗೆ ಕಾದ ಕೊಳವೆಯೇ ಗತಿ. ಅದರಿಂದ ಬೆಂಕಿಯ ಅಪಾಯ. ಕೆಲವಕ್ಕೆ ಬೇಗನೆ ಬರಿದಾಗುವ ಬ್ಯಾಟರಿ. 1897ರಲ್ಲಿ ಫ್ರೆಡರಿಕ್ ಸಿಮ್ಸ್ ಅವರು ದ ದಿಯೋಂ-ಬೂತೋಂ ಎಂಬ ಫ್ರಾನ್ಸಿನ ಮೂರುಗಾಲಿಯ ಮೋಟಾರು ಬಂಡಿಗೆ ಮ್ಯಾಗ್ನೆಟೊ ಜೋಡಿಸಿಕೊಡುವಂತೆ ಕೇಳಿದರು. ಅದರ ಎಂಜಿನ್ ನಿಮಿಷಕ್ಕೆ ಸುಮಾರು 1800 ಸುತ್ತು ತಿರುಗುತ್ತಿತ್ತು. ಹಳೆಯ ಮ್ಯಾಗ್ನೆಟೊದ ಭಾರವಾದ ಆರ್ಮೇಚರ್ ಅಷ್ಟು ವೇಗವಾಗಿ ತೂಗಾಡಲಾರದು. ಬಾಷ್ ಅವರ ಸಹಾಯಕ ಆರ್ನಾಲ್ಡ್ ಸೇರಿಂಗರ್ ಅವರು ಆ ಭಾರವನ್ನು ನಿಶ್ಚಲವಾಗಿರಿಸಿ, ಅದರ ಸುತ್ತಣ ಹಗುರವಾದ ಲೋಹದ ತೋಳನ್ನು ಮಾತ್ರ ಚಲಿಸುವಂತೆ ಮಾಡಿದರು. ಪರರು ಕಟ್ಟಿದ ಎಂಜಿನ್ನಿಗೆ ಹೊರಗಿನಿಂದ ಬಂದ ಕಿಡಿಯಂತ್ರ ಹೊಂದಿಕೊಂಡಿತು. ವೇಗದಲ್ಲಿಯೂ ಕಿಡಿ ತಪ್ಪಲಿಲ್ಲ. 1902ರಲ್ಲಿ ಗಾಟ್ಲೋಬ್ ಹೊನೋಲ್ಡ್ ಅವರು ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೊಪ್ಪುವ ಸ್ಪಾರ್ಕ್ ಪ್ಲಗ್ಗನ್ನೂ ರೂಪಿಸಿದರು. ಸಿಲಿಂಡರಿನೊಳಗೆ ಚಲಿಸುತ್ತ ಸವೆಯುತ್ತಿದ್ದ ಸರಳುಗಳು ಅನಾವಶ್ಯಕವಾದವು. ಇನ್ನೂ ವೇಗದ ಎಂಜಿನ್ನುಗಳಿಗೆ ದಾರಿ ತೆರೆಯಿತು.

ಬಾಷ್ ಅವರ ಹಿರಿಮೆ ಇರುವುದು ಎಲ್ಲವನ್ನೂ ತಾವೇ ಕಂಡುಹಿಡಿದುದರಲ್ಲಲ್ಲ. ಸಮರ್ಥರನ್ನು ಗುರುತಿಸಿ ಬೆಳೆಸಿದುದರಲ್ಲಿ, ದೋಷವುಳ್ಳ ವಸ್ತು ತಮ್ಮ ಹೆಸರಿನಲ್ಲಿ ಹೊರಹೋಗದಂತೆ ಕಾದುದರಲ್ಲಿ. 1906ರಲ್ಲಿಯೇ ಅವರು ತಮ್ಮ ಕಾರ್ಮಿಕರಿಗೆ ಎಂಟು ಗಂಟೆಗಳ ದುಡಿಮೆಯನ್ನು ಜಾರಿಗೆ ತಂದರು. ಗಳಿಸಿದ ಸಂಪತ್ತನ್ನು ವಿದ್ಯೆಗೂ ಆರೋಗ್ಯಕ್ಕೂ ವಿನಿಯೋಗಿಸಿದರು. ಸ್ಟಟ್‌ಗಾರ್ಟ್‌ನಲ್ಲಿ ಅವರು ಕಟ್ಟಿಸಿದ ಆಸ್ಪತ್ರೆ 1940ರಲ್ಲಿ ತೆರೆಯಿತು. 1942ರ ಮಾರ್ಚ್ 12ರಂದು ಅವರು ಕಾಲವಶರಾದರು. ಅವರ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಮೈಕೋ ಕಾರ್ಖಾನೆಯ ಮೂಲಕ ಸ್ಪಾರ್ಕ್ ಪ್ಲಗ್ಗಿನ ಆ ವಿದ್ಯೆ ಕನ್ನಡ ನಾಡಿನ ಕೈಗಳಿಗೂ ದೊರೆಯಿತು.

ಕಿಡಿ ಕ್ಷಣಿಕ. ಅದು ತಪ್ಪದೆ ಹಾರುವಂತೆ ನೋಡಿಕೊಂಡವರ ಶ್ರದ್ಧೆ ಮಾತ್ರ ಚಿರಂತನ.