ಲೆವಿ ಸ್ಟ್ರಾಸ್: ನಾನು ಎರಡು ಸಲ ಹೇಳಿದ ಕಥೆ

ಬೋಧನಾಭ್ಯಾಸದ ಎರಡನೇ ವಾರ ಎಂಟನೇ ತರಗತಿಗೆ ಒತ್ತಡದ ಪಾಠ ಮಾಡಬೇಕಿತ್ತು. ಪೀಠಿಕೆಗೆಂದು ನನ್ನ ಹಳೆಯ ಜೀನ್ಸ್ ಪ್ಯಾಂಟನ್ನೇ ಒಯ್ದೆ. ಜೇಬಿನ ಮೂಲೆಯ ರಿವೆಟ್ ತೋರಿಸಿ, ಲೆವಿ ಸ್ಟ್ರಾಸ್ ಎಂಬ ದರ್ಜಿ ಚಿನ್ನದ ಗಣಿಯವರಿಗೆ ಡೇರೆ ಬಟ್ಟೆಯಿಂದ ಪ್ಯಾಂಟು ಹೊಲಿದುಕೊಟ್ಟ ಎಂದು ಎಲ್ಲೋ ಓದಿದ್ದ ಕಥೆ ಹೇಳಿದೆ. ದರ್ಜಿಯ ಮಗನೊಬ್ಬ ಎದ್ದು ನಿಂತು, ಆತ ಹೊಲಿಗೆ ಕಲಿತದ್ದು ಯಾರ ಹತ್ತಿರ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ರಾತ್ರಿ ಹುಡುಕಿ ಓದಿದಾಗ ತಿಳಿದದ್ದು ಇಷ್ಟು.

ಲೆವಿ ಹುಟ್ಟಿದ್ದು 1829ರಲ್ಲಿ, ಜರ್ಮನಿಯ ಬವೇರಿಯ ಪ್ರಾಂತ್ಯದ ಬುಟ್ಟನ್‌ಹೈಮ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ. ತಂದೆ ಕ್ಷಯದಿಂದ ತೀರಿಕೊಂಡ ಮೇಲೆ, 1847ರಲ್ಲಿ ತಾಯಿ ಮತ್ತು ಇಬ್ಬರು ಅಕ್ಕತಂಗಿಯರೊಡನೆ ನ್ಯೂಯಾರ್ಕ್ ಸೇರಿದ. ಅಲ್ಲಿ ಅಣ್ಣಂದಿರು ಬಟ್ಟೆ ವ್ಯಾಪಾರದಲ್ಲಿದ್ದರು. ಕ್ಯಾಲಿಫೋರ್ನಿಯಾದ ಚಿನ್ನದ ಸುದ್ದಿ ಹಿಡಿದು ಸಾವಿರಾರು ಜನ ಪಶ್ಚಿಮಕ್ಕೆ ಹೊರಟಿದ್ದ ಕಾಲ. 1853ರಲ್ಲಿ ಲೆವಿಯೂ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ. ಹೋದದ್ದು ಚಿನ್ನ ತೆಗೆಯಲು ಅಲ್ಲ, ಸಗಟು ಬಟ್ಟೆ ಮಾರಲು. ಆತ ದರ್ಜಿಯೇ ಆಗಿರಲಿಲ್ಲ.

ಹೊಲಿದವನು ಬೇರೆ. ನೆವಾಡದ ರೆನೊ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದ. ಬಟ್ಟೆ ಕೊಳ್ಳುತ್ತಿದ್ದದ್ದು ಲೆವಿಯಿಂದ. ಒಬ್ಬ ಹೆಂಗಸು ಬಂದು, ಮರ ಕಡಿಯುವ ತನ್ನ ಗಂಡನಿಗೆ ಬೇಗ ಹರಿಯದ ಪ್ಯಾಂಟು ಬೇಕೆಂದಳು. ಕುದುರೆ ಹೊದಿಕೆಯ ಪಟ್ಟಿಗಳಿಗೆ ಹೊಡೆಯುತ್ತಿದ್ದ ತಾಮ್ರದ ರಿವೆಟ್‌ಗಳನ್ನೇ ಡೇವಿಸ್ ಜೇಬಿನ ಮೂಲೆಗಳಿಗೂ ಹೊಡೆದ. ಜೇಬು ಎಳೆದಾಗ ಬಲವೆಲ್ಲ ಮೂಲೆಯ ನಾಲ್ಕಾರು ಎಳೆ ದಾರದ ಮೇಲೆ ಬೀಳುತ್ತದೆ; ರಿವೆಟ್ ಇದ್ದರೆ ಅದು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಇದೇ ನನ್ನ ಪಾಠವೂ ಆಗಿತ್ತು.

ಪ್ಯಾಂಟಿಗೆ ಬೇಡಿಕೆ ಬಂತು. ಪೇಟೆಂಟ್ ಅರ್ಜಿಗೆ ಬೇಕಾದ 68 ಡಾಲರ್ ಡೇವಿಸ್‌ಗೆ ಹೊರೆಯಾಗಿತ್ತು. 1872ರಲ್ಲಿ ಆತ ಪಾಲುದಾರನಾಗುವಂತೆ ಲೆವಿಗೆ ಪತ್ರ ಬರೆದ. ಲೆವಿ ಒಪ್ಪಿದ. 1873ರ ಮೇ 20ರಂದು ಡೇವಿಸ್ ಮತ್ತು ಲೆವಿಯ ಕಂಪನಿಗೆ ಪೇಟೆಂಟ್ ಸಿಕ್ಕಿತು. ಡೇವಿಸ್ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ತಯಾರಿಕೆಯ ಉಸ್ತುವಾರಿ ವಹಿಸಿಕೊಂಡ.

ಆಗ ಅದರ ಹೆಸರು ಓವರಾಲ್ಸ್, ದುಡಿಯುವವರ ಉಡುಪು. ಸಿನಿಮಾ ನಟರನ್ನು ನೋಡಿ ಅಮೆರಿಕದ ಹರೆಯದವರು ಅದಕ್ಕೆ ಮರುಳಾದದ್ದು 1950ರ ದಶಕದಲ್ಲಿ. ಇಂದಿಗೂ ಅದು ಹಳತಾಗದಿರಲು ಬಟ್ಟೆಯ ಗುಣವೂ ಕಾರಣ. ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ. ನೀಲಿ ಬಣ್ಣ ನೂಲಿನ ಹೊರಮೈಯಲ್ಲೇ ಹೆಚ್ಚಾಗಿ ಉಳಿಯುವುದರಿಂದ, ತೊಟ್ಟಂತೆ ಒಗೆದಂತೆ ಮೊಣಕಾಲು, ಜೇಬಿನ ಅಂಚು ಮಾಸುತ್ತವೆ. ಹೀಗೆ ಒಬ್ಬೊಬ್ಬರ ಪ್ಯಾಂಟೂ ಅವರವರದೇ ಆಗುತ್ತದೆ.

ಲೆವಿ ಮದುವೆಯಾಗಲಿಲ್ಲ. 1897ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 28 ವಿದ್ಯಾರ್ಥಿವೇತನಗಳಿಗೆ ಹಣ ಕೊಟ್ಟ. 1902ರಲ್ಲಿ ತೀರಿಕೊಂಡಾಗ ಕಂಪನಿ ಸೋದರಳಿಯಂದಿರ ಪಾಲಾಯಿತು. 1906ರ ಭೂಕಂಪದ ಬೆಂಕಿಯಲ್ಲಿ ಕಂಪನಿಯ ಹಳೆಯ ಕಡತಗಳು ಸುಟ್ಟುಹೋದವು. ದಾಖಲೆ ಇಲ್ಲದ ಜಾಗದಲ್ಲಿ ಡೇರೆ ಬಟ್ಟೆಯ ಕಥೆ ಬೆಳೆಯಿತು.

ಮರುದಿನ ವೀಕ್ಷಣೆಗೆ ಮಾರ್ಗದರ್ಶಕರು ಬಂದಿದ್ದರು. ನಿನ್ನೆ ಹೇಳಿದ್ದು ತಪ್ಪು ಎಂದು ಅವರೆದುರೇ ಹೇಳಲು ಬಾಯಿ ಒಣಗಿತು. ಆದರೂ ಹೇಳಿ, ಹಲಗೆಯ ಮೇಲೆ ಲೆವಿಯ ಹೆಸರಿನ ಪಕ್ಕ ಜೇಕಬ್ ಡೇವಿಸ್ ಹೆಸರು ಬರೆದೆ. ದರ್ಜಿಯ ಮಗ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡ. ಪೀಠಿಕೆಗೆ ಹತ್ತು ನಿಮಿಷ ಹೋಗಿ ಮೌಲ್ಯಮಾಪನದ ಪ್ರಶ್ನೆಗಳು ಉಳಿದುಹೋದವು. ವೀಕ್ಷಣಾ ಪುಸ್ತಕದಲ್ಲಿ ಅದು ದಾಖಲಾಗಿದೆ. ಸೂತ್ರ, ವ್ಯಾಖ್ಯೆಗಳನ್ನು ಎರಡು ಸಲ ಪರೀಕ್ಷಿಸಿ ಪಾಠಯೋಜನೆಗೆ ಬರೆಯುವ ನಾನು ಕಥೆಯನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಈಗ ಕಥೆಯನ್ನೂ ಪರೀಕ್ಷಿಸುತ್ತೇನೆ.