ಬಣ್ಣದ ಚಿಪ್ಪು ಮುಟ್ಟಿದರೆ ಸಾವು ಬರುತ್ತಾ? 300 ವರ್ಷ ಹಿಂದೆಯೇ ಎಚ್ಚರಿಸಿದ್ದ ರಂಫಿಯಸ್

ಬೀಚಿನಲ್ಲಿ ಬಣ್ಣದ ಚಿಪ್ಪು ಕಂಡರೆ ಎತ್ತಿಕೊಳ್ಳದೆ ಬರುವವರು ಕಡಿಮೆ. ಅಂಗೈಯಲ್ಲಿಟ್ಟು ಫೋಟೊ ತೆಗೆದು ಸ್ಟೇಟಸ್‌ಗೂ ಹಾಕುತ್ತೇವೆ. ಅದೇ ಫೋನಿಗೆ ಇನ್ನೊಂದು ಬಗೆಯ ಮೆಸೇಜ್ ಕೂಡ ಬರುತ್ತದೆ: ಇಂಥ ಚಿಪ್ಪನ್ನು ಮುಟ್ಟಿದರೆ ಸಾವು ಖಚಿತ, ಎಲ್ಲರಿಗೂ ಫಾರ್ವರ್ಡ್ ಮಾಡಿ ಎಂದು. ಇದರಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು? ತಿಳಿಯಬೇಕಾದರೆ 17ನೇ ಶತಮಾನದ ಒಬ್ಬ ಮನುಷ್ಯನ ಬದುಕನ್ನು ನೋಡಬೇಕು. ಅವನ ಹೆಸರು ಗೆಯಾರ್ಗ್ ಎಬರ್‌ಹಾರ್ಡ್ ರಂಫಿಯಸ್.

ಯಾರು ಈ ರಂಫಿಯಸ್?

ಹುಟ್ಟಿದ್ದು 1627ರಲ್ಲಿ, ಜರ್ಮನಿಯಲ್ಲಿ. ಡಚ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸೈನಿಕನಾಗಿ ಸೇರಿ 1653ರಲ್ಲಿ ಬಟಾವಿಯಾ, ಅಂದರೆ ಇಂದಿನ ಜಕಾರ್ತ ತಲುಪಿದ. ಅಲ್ಲಿಂದ ಲವಂಗಕ್ಕೆ ಹೆಸರಾದ ಆಂಬೊನ್ ದ್ವೀಪಕ್ಕೆ ಹೋದ. ಆಮೇಲೆ ಸೈನ್ಯ ಬಿಟ್ಟು ಕಂಪನಿಯ ವ್ಯಾಪಾರದ ಕೆಲಸಕ್ಕೆ ಬದಲಾದ. ಉಳಿದ ಹೊತ್ತೆಲ್ಲ ಗಿಡಮರ, ಏಡಿ, ಶಂಖ, ಕವಡೆ, ಕಪ್ಪೆಚಿಪ್ಪುಗಳ ಹಿಂದೆ ಕಳೆಯಿತು. ಚಿಪ್ಪು ಕೂಡಿಡುವುದು ಆಗ ಯುರೋಪಿನ ಶ್ರೀಮಂತರ ಹುಚ್ಚು. ಅವರಿಗೆ ಬೇಕಾಗಿದ್ದದ್ದು ಹೊಳೆಯುವ ಖಾಲಿ ಚಿಪ್ಪು. ರಂಫಿಯಸ್‌ಗೆ ಅಷ್ಟು ಸಾಲದು. ಒಳಗಿನ ಪ್ರಾಣಿ ಎಂಥದ್ದು, ಎಲ್ಲಿ ವಾಸ, ತಿನ್ನಲು ಬರುತ್ತದೆಯೇ, ಸ್ಥಳೀಯರು ಏನೆಂದು ಕರೆಯುತ್ತಾರೆ ಎಂಬುದನ್ನೂ ಕೇಳಿ ಕೇಳಿ ಬರೆದಿಟ್ಟ.

ಒಂದರ ಮೇಲೊಂದು ಪೆಟ್ಟು

1670ರಲ್ಲಿ ಕಣ್ಣು ಹೋಯಿತು. ಆಗ ವಯಸ್ಸು ಇನ್ನೂ 43 ದಾಟಿರಲಿಲ್ಲ. 1674ರ ಫೆಬ್ರವರಿ 17ರಂದು ಆಂಬೊನ್‌ನಲ್ಲಿ ಭಾರಿ ಭೂಕಂಪವಾಗಿ, ಸುನಾಮಿ ಎದ್ದಿತು. ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ರಂಫಿಯಸ್‌ನ ಹೆಂಡತಿ ಸುಸನ್ನಾ ಮತ್ತು ಒಬ್ಬ ಮಗಳು ಗೋಡೆ ಕುಸಿದು ತೀರಿಕೊಂಡರು. ಆ ದುರಂತದ ವಿವರವನ್ನೂ ಅವನೇ ದಾಖಲಿಸಿದ. ಇಂಡೋನೇಷ್ಯಾದ ಸುನಾಮಿ ಇತಿಹಾಸ ಓದುವವರು ಇಂದಿಗೂ ಅದನ್ನು ನೋಡುತ್ತಾರೆ.

1682ರಲ್ಲಿ ವರ್ಷಗಟ್ಟಲೆ ಕೂಡಿಸಿದ್ದ ಚಿಪ್ಪುಗಳ ಸಂಗ್ರಹ ಇಟಲಿಯ ಟಸ್ಕನಿಯ ದೊರೆಯ ಪಾಲಾಯಿತು. 1687ರಲ್ಲಿ ಊರಿಗೆ ಬೆಂಕಿ ಬಿದ್ದು ಪುಸ್ತಕ, ಚಿತ್ರ, ಹಸ್ತಪ್ರತಿಗಳು ಸುಟ್ಟವು. ಗುಮಾಸ್ತರಿಂದ ಬರೆಸಿ, ಮಗನಿಂದ ಚಿತ್ರ ಬಿಡಿಸಿ ಮತ್ತೆ ಶುರು ಮಾಡಿದ. ಸಸ್ಯಗಳ ಬಗ್ಗೆ ಬರೆದ ದೊಡ್ಡ ಗ್ರಂಥವನ್ನು ಹೊತ್ತ ಹಡಗನ್ನು 1692ರಲ್ಲಿ ಫ್ರೆಂಚರು ಮುಳುಗಿಸಿದರು. ಬಟಾವಿಯಾದಲ್ಲಿ ಒಂದು ನಕಲು ಉಳಿದಿದ್ದರಿಂದ ಕೃತಿ ಬದುಕಿತು. ರಂಫಿಯಸ್ 1702ರಲ್ಲಿ ತೀರಿಕೊಂಡ. ಏಡಿ, ಚಿಪ್ಪು, ಕಲ್ಲು, ಖನಿಜಗಳ ಪುಸ್ತಕ ಅಚ್ಚಾಗಿದ್ದು 1705ರಲ್ಲಿ. ಅವನು ಅದನ್ನು ನೋಡಲೇ ಇಲ್ಲ.

ಆ ಪುಸ್ತಕದಲ್ಲಿದ್ದ ಒಂದು ಸಾವು

ಬಂಡಾ ದ್ವೀಪದಲ್ಲಿ ಗುಲಾಮಳಾಗಿದ್ದ ಒಬ್ಬ ಹೆಂಗಸಿನ ವಿಷಯ ಅದರಲ್ಲಿದೆ. ಮೀನಿನ ಬಲೆ ಎಳೆಯುವಾಗ ಆಕೆ ಒಂದು ಚಂದದ ಚಿಪ್ಪು ಎತ್ತಿಕೊಂಡು ಕೈಯಲ್ಲಿ ಹಿಡಿದು ದಡದ ಕಡೆ ನಡೆದಳು. ಕೈಯಲ್ಲಿ ಸಣ್ಣಗೆ ತುರಿಕೆ ಶುರುವಾಯಿತು. ಅದು ತೋಳಿಗೆ ಏರಿ ಮೈಯೆಲ್ಲ ಹಬ್ಬಿ ಆಕೆ ಪ್ರಾಣ ಬಿಟ್ಟಳು. ಹೆಸರೂ ಉಳಿಯದ ಆ ಹೆಂಗಸಿನ ಸಾವು, ಕೋನ್ ಸ್ನೇಲ್ ಕಡಿತದಿಂದಾದ ಸಾವಿನ ಬಗ್ಗೆ ನಮಗೆ ಸಿಗುವ ಮೊದಲ ಲಿಖಿತ ದಾಖಲೆ ಎನ್ನುತ್ತಾರೆ.

ಈಗಿನ ವಿಜ್ಞಾನ ಏನು ಹೇಳುತ್ತದೆ?

ಕೋನ್ ಸ್ನೇಲ್ ಸಮುದ್ರದ ಬಸವನಹುಳು. ಅದರ ಹಲ್ಲು ಈಟಿಯಂತಿದ್ದು, ಸೊಂಡಿಲಿನಂಥ ಬಾಯಿಯಿಂದ ಚುಚ್ಚಿ ವಿಷ ಬಿಡುತ್ತದೆ. ಹುಳು, ಬೇರೆ ಬಸವನಹುಳು, ಮೀನು ಅದರ ಆಹಾರ. ಹೆಚ್ಚಿನ ಜಾತಿಗಳು ಚುಚ್ಚಿದರೆ ಜೇನ್ನೊಣ ಕಚ್ಚಿದಂತೆ ಉರಿಯುತ್ತದೆ, ಅಷ್ಟೆ. ಮೀನು ಹಿಡಿಯುವ ಜಾತಿಗಳು, ಅದರಲ್ಲೂ ಕೋನಸ್ ಜಿಯೋಗ್ರಾಫಸ್, ಮನುಷ್ಯರಿಗೆ ಅಪಾಯಕಾರಿ. ಜಗತ್ತಿನಲ್ಲಿ ಇಲ್ಲಿಯವರೆಗೆ ದಾಖಲಾದ ಸಾವುಗಳು ಕೆಲವೇ ಡಜನ್. ಹಾಗಾಗಿ ಮುಟ್ಟಿದರೆ ಸಾವು ಖಚಿತ ಎಂಬುದು ಸುಳ್ಳು. ಅಪಾಯವೇ ಇಲ್ಲ ಎಂಬುದೂ ಸುಳ್ಳು.

ಇದೇ ವಿಷದಿಂದ ಔಷಧವೂ ಬಂದಿದೆ. ಕೋನಸ್ ಮ್ಯಾಗಸ್ ಎಂಬ ಜಾತಿಯ ವಿಷದ ಮಾದರಿಯಲ್ಲಿ ತಯಾರಿಸಿದ ಜಿಕೋನೊಟೈಡ್ ಎಂಬ ನೋವು ನಿವಾರಕಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೇರೆ ಔಷಧಕ್ಕೆ ಬಗ್ಗದ ತೀವ್ರ ನೋವಿಗೆ ಇದನ್ನು ಬೆನ್ನುಹುರಿಯ ದ್ರವಕ್ಕೆ ಕೊಡುತ್ತಾರೆ.

ಗುರುತಿಸುವುದು ಹೇಗೆ?

• ಆಕಾರ ಐಸ್‌ಕ್ರೀಮ್ ಕೋನ್‌ನಂತೆ: ಒಂದು ತುದಿ ಅಗಲ, ಇನ್ನೊಂದು ಚೂಪು.
• ಬಾಯಿ ಚಿಪ್ಪಿನ ಉದ್ದಕ್ಕೂ ಇರುವ ಕಿರಿದಾದ ಸೀಳು. ಕವಡೆಗೂ ಸೀಳು ಇರುತ್ತದೆ, ಆದರೆ ಅದರ ಅಂಚಿನಲ್ಲಿ ಹಲ್ಲುಗಳಂಥ ಗೆರೆಗಳಿವೆ, ಮೈ ಉಬ್ಬಿರುತ್ತದೆ.
• ಬಣ್ಣ ನಂಬಬೇಡಿ. ಜೀವಂತ ಪ್ರಾಣಿಯ ಚಿಪ್ಪಿನ ಮೇಲೆ ಕಂದು ಪೊರೆ ಇದ್ದು, ಕೆಳಗಿನ ಚಿತ್ತಾರ ಮರೆಯಾಗಿರಬಹುದು.

ಖಾಲಿ ಚಿಪ್ಪು ಯಾರನ್ನೂ ಚುಚ್ಚುವುದಿಲ್ಲ. ಅಪಾಯವಿರುವುದು ಒಳಗೆ ಜೀವ ಇದ್ದಾಗ ಮಾತ್ರ. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿಯಲ್ಲಿ ಕೋನ್ ಸ್ನೇಲ್‌ಗಳಿವೆ. ಪ್ರವಾಸ ಹೋದಾಗ ನೀರಿನಲ್ಲಿರುವ ಕೋನ್ ಆಕಾರದ ಚಿಪ್ಪನ್ನು ಕೈಯಲ್ಲಿ ಹಿಡಿಯಬೇಡಿ, ಜೇಬಿಗೆ ಹಾಕಬೇಡಿ. ಅಗಲದ ತುದಿ ಹಿಡಿದರೆ ಸುರಕ್ಷಿತ ಎಂಬ ಮಾತನ್ನೂ ನಂಬಬೇಡಿ, ಅದರ ಬಾಯಿ ಹಿಂದಕ್ಕೂ ಚಾಚುತ್ತದೆ.

ಚುಚ್ಚಿದರೆ ಗಾಯ ಕೊಯ್ಯುವುದು, ವಿಷ ಹೀರುವುದು ಬೇಡ. ಅಲುಗಾಡದಂತೆ ಮಲಗಿಸಿ ತಕ್ಷಣ ಆಸ್ಪತ್ರೆಗೆ ಸಾಗಿಸಿ. ಇದಕ್ಕೆ ಪ್ರತಿವಿಷ ಇಲ್ಲ. ಉಸಿರಾಟ ನಿಲ್ಲದಂತೆ ನೋಡಿಕೊಂಡರೆ ವಿಷ ಇಳಿಯುವವರೆಗೆ ಜೀವ ಉಳಿಸಬಹುದು.

ಚಿಪ್ಪಿನ ಅಂದ ನೋಡಿ ಎಲ್ಲರೂ ಸುಮ್ಮನಾಗಿದ್ದ ಕಾಲದಲ್ಲಿ, ಒಳಗೆ ಏನಿದೆ ಎಂದು ಕೇಳಿದವನು ರಂಫಿಯಸ್. ಮುಂದಿನ ಫಾರ್ವರ್ಡ್ ಬಂದಾಗ ನಾವೂ ಅದನ್ನೇ ಕೇಳೋಣ.